ನಾಲ್ಕು ದಿನ ಬೀಜಗಣಿತ, ಒಂದು ದಿನ ಕಚೇರಿ

ಟೈ ಕಟ್ಟಿಕೊಂಡ ಹದಿನಾಲ್ಕರ ಹುಡುಗನೊಬ್ಬ ಬೆಳಿಗ್ಗೆ ಶಾಲೆಗೆ ಬಂದು, ಹಾಜರಿ ಹೇಳಿ, ಪುನಃ ಬಸ್ಸು ಹತ್ತಿ ವಕೀಲರ ಕಚೇರಿಗೆ ಹೊರಡುತ್ತಾನೆ. ಸಂಜೆತನಕ ಅಲ್ಲಿ ಕಡತ ಜೋಡಿಸುತ್ತಾನೆ, ಕಾಗದಪತ್ರ ಸ್ಕ್ಯಾನ್ ಮಾಡುತ್ತಾನೆ, ಫೋನ್ ಎತ್ತುತ್ತಾನೆ. ಮರುದಿನ ಅದೇ ಮೇಜಿಗೆ ಅವನ ಶಾಲೆಯವಳೇ ಇನ್ನೊಬ್ಬಳು ಬರುತ್ತಾಳೆ, ಅದರ ಮರುದಿನ ಮತ್ತೊಬ್ಬ. ಅಷ್ಟರಲ್ಲಿ ಇವನು ತರಗತಿಯಲ್ಲಿ ಬೀಜಗಣಿತದ ಸಮೀಕರಣ ಬಿಡಿಸುತ್ತಿರುತ್ತಾನೆ. ಅವನ ದುಡಿಮೆಯ ಹಣ ಕೈಗೂ ಸಿಗುವುದಿಲ್ಲ, ಮನೆಗೂ ಹೋಗುವುದಿಲ್ಲ. ಶಾಲೆಯ ಶುಲ್ಕಕ್ಕೆ ಜಮೆಯಾಗುತ್ತದೆ.

ಷಿಕಾಗೊದ ಪಿಲ್ಸೆನ್ ಬಡಾವಣೆಯ ಕ್ರಿಸ್ತೊ ರೇ ಜೆಸ್ವಿಟ್ ಹೈಸ್ಕೂಲಿನಲ್ಲಿ 1996ರಲ್ಲಿ ಶುರುವಾದ ಪದ್ಧತಿಯಿದು. ಇಂದು ಅಮೆರಿಕದ ನಲವತ್ತರ ಆಸುಪಾಸು ಶಾಲೆಗಳು ಇದೇ ದಾರಿ ಹಿಡಿದಿವೆ. ಹಾಗೆಂದು ಇವು ಕೈಕಸುಬು ಕಲಿಸುವ ಶಾಲೆಗಳಲ್ಲ. ಮಕ್ಕಳನ್ನು ಪದವಿ ಕಾಲೇಜಿಗೆ ಅಣಿಗೊಳಿಸುವ, ಅಲ್ಲಿನವರು ‘ಕಾಲೇಜ್ ಪ್ರೆಪ್’ ಎಂದು ಕರೆಯುವ ಬಗೆಯ ಕ್ರೈಸ್ತ ಶಾಲೆಗಳು. ಖಾಸಗಿ ಕಾಲೇಜ್ ಪ್ರೆಪ್ ಅಂದರೆ ಸಾಮಾನ್ಯವಾಗಿ ಜೇಬು ಗಟ್ಟಿಯಿದ್ದವರ ಮಾತು. ಬಡವರ ಕೇರಿಯಲ್ಲಿ ಅಂಥದ್ದೊಂದು ತಲೆಯೆತ್ತಿದ್ದು ಹೇಗೆ ಎಂದು ಕೆದಕುತ್ತಾ ಹೋದರೆ ಎಳೆ ಸಿಗುವುದು ಸಿಸಿಲಿ ದ್ವೀಪದಲ್ಲಿ, ನಾಲ್ಕೂವರೆ ಶತಮಾನ ಹಿಂದೆ.

ಕಲಿಸಿದ್ದಕ್ಕೆ ಕಾಸು ಮುಟ್ಟಬಾರದು

ಯೇಸುಸಭೆಯ ಪಾದ್ರಿಗಳು, ಅಂದರೆ ಜೆಸ್ವಿಟರು, ಊರ ಮಕ್ಕಳಿಗೆಂದು 1548ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಶಾಲೆ ತೆರೆದರು. ಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ ಹಾಕಿಕೊಟ್ಟ ಕಟ್ಟುಪಾಡು ನೇರವಾಗಿತ್ತು: ಕಲಿಸಿದ್ದಕ್ಕೆ ಶುಲ್ಕ ಪಡೆಯುವಂತಿಲ್ಲ. ನಗರದ ಆಡಳಿತವೋ ಅರಸುಮನೆತನವೋ ಸಿರಿವಂತರೋ ದತ್ತಿಯಿಟ್ಟರೆ ಶಾಲೆ ನಡೆಯಬೇಕು. 1599ರಲ್ಲಿ ‘ರಾಷಿಯೊ ಸ್ಟುಡಿಯೋರಮ್’ ಎಂಬ ಶಿಕ್ಷಣ ಸಂಹಿತೆ ಸಿದ್ಧವಾಯಿತು. ಯಾವ ತರಗತಿಗೆ ಯಾವ ಪಾಠ, ಪರೀಕ್ಷೆ ಹೇಗೆ, ಬಾಯಿಪಾಠ ಒಪ್ಪಿಸುವುದು ಹೇಗೆ, ವಾದವಿವಾದ ಹೇಗೆ ಎಂಬುದನ್ನೆಲ್ಲ ಅದು ಬಿಡಿಬಿಡಿಯಾಗಿ ಬರೆದಿಟ್ಟಿತು. ಪಾಠಕ್ರಮಕ್ಕೆ ಸಂಹಿತೆ, ಖರ್ಚಿಗೆ ದತ್ತಿ. ಯೂರೋಪಿನಲ್ಲಿ ಎರಡೂ ಒಟ್ಟಿಗೆ ಸಾಗಿದವು.

ಅಟ್ಲಾಂಟಿಕ್ ದಾಟಿದ ಮೇಲೆ ಗಾಡಿ ನಿಂತಿತು. ಹೊಸ ಗಣರಾಜ್ಯದಲ್ಲಿ ಶಾಲೆಗೆ ಜಹಗೀರು ಬರೆದುಕೊಡುವ ಅರಸರು ಎಲ್ಲಿಂದ ಬರಬೇಕು? ವಾಷಿಂಗ್ಟನ್ ನಗರದಲ್ಲಿ 1821ರಲ್ಲಿ ತೆರೆದ ಜೆಸ್ವಿಟ್ ಶಾಲೆ, ಇಂದಿನ ಗೊನ್ಜಾಗಾ ಕಾಲೇಜ್ ಹೈಸ್ಕೂಲ್, ಶುಲ್ಕವಿಲ್ಲದೆ ಬದುಕುವಂತಿರಲಿಲ್ಲ. ಶುಲ್ಕ ಪಡೆದರೆ ಸಭೆಯ ನಿಯಮ ಮುರಿದಂತೆ. ಈ ಇಕ್ಕಟ್ಟಿನಲ್ಲಿ ಜೆಸ್ವಿಟರು 1827ರಲ್ಲಿ ಅಲ್ಲಿಂದ ಹೊರಬಂದರು. ಕೊನೆಗೆ ಸಭೆಯ ಮಹಾಮುಖ್ಯಸ್ಥ ಯಾನ್ ರೋಟಾನ್ ರೋಮಿನಲ್ಲಿ ಬಿನ್ನಹ ಮಾಡಿಕೊಂಡು, 1833ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿಯವರಿಂದ ಅಮೆರಿಕದ ಶಾಲೆಗಳಿಗೆ ವಿನಾಯಿತಿ ತಂದರು. ಅಲ್ಲಿಂದಾಚೆಗೆ ಶುಲ್ಕ ಪಡೆಯಬಹುದು ಎಂದಾಯಿತು. ಶಾಲೆಗಳು ಬದುಕಿಕೊಂಡವು. ಆದರೆ ಯಾರ ಮಕ್ಕಳು ಒಳಗೆ, ಯಾರ ಮಕ್ಕಳು ಹೊರಗೆ ಎಂಬುದನ್ನು ನಿಧಾನಕ್ಕೆ ಶುಲ್ಕವೇ ತೀರ್ಮಾನಿಸತೊಡಗಿತು.

ಇದೇ ಸಭೆಯ ಇಟಲಿಯ ಪಾದ್ರಿಗಳು 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದಾಗ ಹಳೆಯ ದತ್ತಿಯ ಜಾಡು ಇನ್ನೂ ಮಾಸಿರಲಿಲ್ಲ. ಗುಡ್ಡದ ಮೇಲಿನ ಜಾಗ ಕೊಟ್ಟವರು ಊರಿನವರೇ ಆದ ಲಾರೆನ್ಸ್ ಲೋಬೊ ಪ್ರಭು.

ಅಮೆರಿಕದ ಕ್ಯಾಥೊಲಿಕ್ ಶಾಲೆಗಳಿಗೆ ಬಹುಕಾಲ ಇನ್ನೊಂದು ಬಗೆಯ ದತ್ತಿಯಿತ್ತು, ಅದು ಯಾವ ಲೆಕ್ಕಪುಸ್ತಕದಲ್ಲೂ ಕಾಣುತ್ತಿರಲಿಲ್ಲ. ಪಾಠ ಹೇಳುತ್ತಿದ್ದವರು ಬಹುಪಾಲು ಸನ್ಯಾಸಿನಿಯರು ಮತ್ತು ಪಾದ್ರಿಗಳು, ಅವರ ಸಂಬಳ ಹೆಸರಿಗಷ್ಟೇ. 1960ರ ದಶಕದ ನಡುವೆ ಈ ಶಾಲೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಮುಂದೆ ಕಾನ್ವೆಂಟ್ ಸೇರುವವರು ಕಡಿಮೆಯಾದರು. ಸಂಬಳದ ಶಿಕ್ಷಕರು ಬಂದರು, ಶುಲ್ಕ ಏರಿತು. ವಲಸಿಗರ ಕೇರಿಗಳಲ್ಲಿ ಒಂದೊಂದೇ ಶಾಲೆ ಮುಚ್ಚಿತು. ಮೂರು ದಶಕಗಳಲ್ಲಿ ಮಕ್ಕಳ ಸಂಖ್ಯೆ ಹತ್ತಿರಹತ್ತಿರ ಅರ್ಧಕ್ಕಿಳಿಯಿತು.

ಪಿಲ್ಸೆನ್‌ನ ತಾಯಂದಿರು

ಪಿಲ್ಸೆನ್ ಅಂಥದೇ ಒಂದು ವಲಸಿಗರ ಕೇರಿ. ಹತ್ತೊಂಬತ್ತನೇ ಶತಮಾನದಲ್ಲಿ ಬೊಹೀಮಿಯಾದಿಂದ ಬಂದ ಚೆಕ್ ಜನ ತಮ್ಮ ಊರಿನ ಹೆಸರನ್ನೇ ಅದಕ್ಕಿಟ್ಟರು. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಅದು ಮೆಕ್ಸಿಕೊ ಮೂಲದವರ ಬಡಾವಣೆಯಾಯಿತು. 18ನೇ ಬೀದಿಯ ಗೋಡೆಗಳ ತುಂಬ ಭಿತ್ತಿಚಿತ್ರಗಳು ಬಂದವು. ಶಾಲೆಗಾಗಿ ಬೀದಿಗಿಳಿಯುವುದು ಇಲ್ಲಿನ ತಾಯಂದಿರಿಗೆ ಹೊಸದಲ್ಲ. ಅವರ ಹೋರಾಟದಿಂದಲೇ 1977ರಲ್ಲಿ ಬೆನಿಟೊ ಹ್ವಾರೆಸ್ ಎಂಬ ಸರ್ಕಾರಿ ಹೈಸ್ಕೂಲ್ ಬಂದಿತ್ತು. ಆದರೂ ತೊಂಬತ್ತರ ದಶಕದ ಹೊತ್ತಿಗೆ ಹೈಸ್ಕೂಲನ್ನು ಅರ್ಧಕ್ಕೇ ಬಿಡುವ ಮಕ್ಕಳ ಸಂಖ್ಯೆ ದೊಡ್ಡದಿತ್ತು. ಕೆಲವೇ ಮೈಲಿ ದೂರದಲ್ಲಿ ಜೆಸ್ವಿಟರದೇ ಸೇಂಟ್ ಇಗ್ನೇಷಿಯಸ್ ಕಾಲೇಜ್ ಪ್ರೆಪ್ ಇತ್ತು. 1870ರಲ್ಲಿ ಶುರುವಾಗಿ, ಮರುವರ್ಷ ಷಿಕಾಗೊವನ್ನೇ ಸುಟ್ಟ ಮಹಾಬೆಂಕಿಯಿಂದ ಪಾರಾದ ಕಟ್ಟಡ ಅದರದ್ದು. ಹೆಸರುವಾಸಿ ಶಾಲೆ, ಆದರೆ ಅದರ ಶುಲ್ಕ ಪಿಲ್ಸೆನ್‌ನ ಕೂಲಿ ಕುಟುಂಬಕ್ಕೆ ಎಟುಕುವಂಥದ್ದಲ್ಲ.

ಆ ಕೇರಿಗೆ ಏನು ಬೇಕು ಎಂದು ಜೆಸ್ವಿಟರು ಮನೆಯವರನ್ನೇ ಕೇಳಿದರು. ಜೇಮ್ಸ್ ಗಾರ್ಟ್‌ಲ್ಯಾಂಡ್ ಎಂಬ ಯುವ ಜೆಸ್ವಿಟ್ ಬಡಾವಣೆಯಲ್ಲಿ ಅಡ್ಡಾಡಿ ಸಭೆ ಕರೆದು ಅಭಿಪ್ರಾಯ ಸಂಗ್ರಹಿಸಿದರು. ಉತ್ತರ ಒಂದೇ ಬಗೆಯದಾಗಿತ್ತು. ಮಕ್ಕಳನ್ನು ಕಾಲೇಜಿಗೆ ಮುಟ್ಟಿಸುವ ಶಾಲೆ ಬೇಕು, ಅಲ್ಲಿ ಇಂಗ್ಲಿಷಿನ ಜೊತೆ ಮನೆಮಾತು ಸ್ಪ್ಯಾನಿಷ್ ಕೂಡ ಉಳಿಯಬೇಕು. ಶಾಲೆಯನ್ನು ಕಟ್ಟಲು ಜಾನ್ ಫೋಲಿ ಎಂಬ ಪಾದ್ರಿಯನ್ನು ಕರೆಸಿದರು. ಷಿಕಾಗೊದಲ್ಲೇ ಹುಟ್ಟಿದ ಫೋಲಿ ಮೂವತ್ತಕ್ಕೂ ಹೆಚ್ಚು ವರ್ಷ ಪೆರು ದೇಶದ ಜೆಸ್ವಿಟ್ ಶಾಲೆಗಳಲ್ಲಿ ದುಡಿದಿದ್ದವರು.

ಎಲ್ಲ ಇತ್ತು, ಹಣವೊಂದಿರಲಿಲ್ಲ. ಆಗ ನೆರವಿಗೆ ಬಂದದ್ದು ರಿಕ್ ಮರ್ರೆ ಎಂಬ ಸಲಹೆಗಾರ. ಅವರ ಲೆಕ್ಕ ಸರಳವಾಗಿತ್ತು: ನಗರಕೇಂದ್ರದ ಬ್ಯಾಂಕು, ವಕೀಲರ ಸಂಸ್ಥೆ, ಆಸ್ಪತ್ರೆಗಳಲ್ಲಿ ಕೆಳಹಂತದ ಗುಮಾಸ್ತ ಕೆಲಸಗಳಿಗೆ ಜನ ನಿಲ್ಲುವುದಿಲ್ಲ. ಒಂದು ಪೂರ್ಣಾವಧಿ ಕೆಲಸವನ್ನು ನಾಲ್ವರು ವಿದ್ಯಾರ್ಥಿಗಳು ಹಂಚಿಕೊಂಡರೆ ಕಚೇರಿಗೆ ದಿನವೂ ಒಬ್ಬ ಕೆಲಸಗಾರ ಸಿಗುತ್ತಾನೆ, ಶಾಲೆಗೆ ಒಂದು ಸಂಬಳ ಸಿಗುತ್ತದೆ. ನೋಡಿ ಕಲಿಯಲು ಇಂಥ ಇನ್ನೊಂದು ಶಾಲೆ ಆಗ ಎಲ್ಲೂ ಇರಲಿಲ್ಲ.

ಒಂದು ಮೇಜು, ನಾಲ್ವರು

ನಮ್ಮ ಕಡೆ ಬಡಹುಡುಗರು ವಾರಾನ್ನದಲ್ಲಿ ಓದಿದ ಕಾಲವೊಂದಿತ್ತು. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಅಲ್ಲಿ ಒಬ್ಬ ಹುಡುಗನಿಗೆ ಏಳು ಮನೆ, ಇಲ್ಲಿ ಒಂದು ಮೇಜಿಗೆ ನಾಲ್ವರು. ಸಾಮಾನ್ಯವಾಗಿ ನಾಲ್ವರೂ ಬೇರೆಬೇರೆ ತರಗತಿಯವರು: ಒಂಬತ್ತನೇ ತರಗತಿಗೆ ಒಂದು ದಿನ, ಹತ್ತಕ್ಕೆ ಒಂದು, ಹನ್ನೊಂದಕ್ಕೆ ಒಂದು, ಹನ್ನೆರಡಕ್ಕೆ ಒಂದು. ವಾರದ ಐದನೇ ದಿನ ಸರದಿಯ ಮೇಲೆ ಸುತ್ತುತ್ತದೆ. ಹೀಗೆ ಒಬ್ಬೊಬ್ಬರ ಪಾಲಿಗೆ ತಿಂಗಳಿಗೆ ಐದು ದಿನದ ದುಡಿಮೆ. ಇಡೀ ತರಗತಿ ಒಂದೇ ದಿನ ಕೆಲಸಕ್ಕೆ ಹೋಗುವುದರಿಂದ ಯಾರಿಗೂ ಪಾಠ ತಪ್ಪುವುದಿಲ್ಲ. ಕಳೆದ ಹೊತ್ತನ್ನು ತುಂಬಿಕೊಳ್ಳಲು ಶಾಲೆಯ ದಿನವೂ ಉದ್ದ, ವರ್ಷವೂ ಉದ್ದ.

ಲೆಕ್ಕಪತ್ರವನ್ನೂ ಜಾಣತನದಿಂದ ಜೋಡಿಸಿದ್ದಾರೆ. ಮಕ್ಕಳು ಕಚೇರಿಯ ನೌಕರರಲ್ಲ. ಶಾಲೆಯೇ ಕಟ್ಟಿಕೊಂಡ ಕೆಲಸ ಒದಗಿಸುವ ವಿಭಾಗ ಅವರ ಮಾಲೀಕ. ಕಂಪನಿ ಹಣ ಕೊಡುವುದು ಆ ವಿಭಾಗಕ್ಕೆ. ಒಬ್ಬ ವಿದ್ಯಾರ್ಥಿಯ ಓದಿಗೆ ತಗಲುವ ವೆಚ್ಚದಲ್ಲಿ ಸುಮಾರು ಅರ್ಧ ಅಥವಾ ಅದಕ್ಕೂ ಹೆಚ್ಚಿನ ಪಾಲು ಇದರಿಂದಲೇ ಬರುತ್ತದೆ. ಉಳಿದದ್ದಕ್ಕೆ ದೇಣಿಗೆ, ಜೊತೆಗೆ ಮನೆಯವರ ಆದಾಯಕ್ಕೆ ತಕ್ಕಂತೆ ಒಂದು ಸಣ್ಣ ಮೊತ್ತ.

ಒಂಬತ್ತನೇ ತರಗತಿಗೆ ಸೇರುವ ಮುನ್ನ ಬೇಸಿಗೆಯಲ್ಲಿ ತರಬೇತಿ. ಮೊದಲ ಪಾಠವೇ ಕೈಕುಲುಕುವುದು. ಎದುರಿನವರ ಕಣ್ಣು ನೋಡಬೇಕು, ಹೆಸರನ್ನು ಗಟ್ಟಿಯಾಗಿ ಹೇಳಬೇಕು, ಕೈ ಸೋತಂತಿರಬಾರದು. ಆಮೇಲೆ ಟೈ ಗಂಟು, ಫೋನಿನ ಮರ್ಯಾದೆ, ಕಡತಗಳನ್ನು ಅಕ್ಷರಾನುಕ್ರಮದಲ್ಲಿಡುವುದು, ಸ್ಪ್ರೆಡ್‌ಶೀಟ್ ತುಂಬುವುದು. ದೊಡ್ಡವರೆದುರು ಕಣ್ಣು ತಗ್ಗಿಸುವುದೇ ಸಭ್ಯತೆ ಎಂದು ಬೆಳೆದ ಮಕ್ಕಳಿಗೆ ಇದು ವ್ಯಾಕರಣಕ್ಕಿಂತ ಕಷ್ಟದ ಪಾಠ. ಕಚೇರಿಯ ಮೇಲ್ವಿಚಾರಕರು ಇವರ ಕೆಲಸಕ್ಕೆ ಬರೆಯುವ ಮೌಲ್ಯಮಾಪನ ಶಾಲೆಗೆ ಬಂದು ಸೇರುತ್ತದೆ. ಗಣಿತದಲ್ಲಿ ಹಿಂದೆ ಬಿದ್ದವರಿಗೆ ಹೇಗೋ ಕೆಲಸದಲ್ಲಿ ಹಿಂದೆ ಬಿದ್ದವರಿಗೂ ಹಾಗೆಯೇ ಮರುತರಬೇತಿಯಿದೆ.

ತರಗತಿಯೊಳಗಿನ ಹದ ಮಾತ್ರ ಯಾವ ಕಾಲೇಜ್ ಪ್ರೆಪ್‌ಗೂ ಕಡಿಮೆಯದಲ್ಲ. ಬರುವ ಮಕ್ಕಳಲ್ಲಿ ಹಲವರು ಓದಿನಲ್ಲಿ ತಮ್ಮ ತರಗತಿಗಿಂತ ಒಂದೆರಡು ಮೆಟ್ಟಿಲು ಕೆಳಗಿರುತ್ತಾರೆ. ಅದಕ್ಕೇ ಮೊದಲ ವರ್ಷ ಓದು ಬರಹ, ಗಣಿತಗಳಿಗೆ ಹೆಚ್ಚು ಅವಧಿ. ಮೇಲಿನ ತರಗತಿಗಳಲ್ಲಿ ಕಾಲೇಜು ಮಟ್ಟದ ಎಪಿ ಪಾಠಗಳು, ಪ್ರವೇಶ ಪರೀಕ್ಷೆಗೆ ತಯಾರಿ. ಕಾಲೇಜಿನ ಅರ್ಜಿ ಮತ್ತು ಸರ್ಕಾರಿ ಧನಸಹಾಯದ ಅರ್ಜಿ ತುಂಬುವುದಕ್ಕೇ ಸಲಹೆಗಾರರಿದ್ದಾರೆ. ಮನೆಯಲ್ಲಿ ಕಾಲೇಜು ಕಂಡವರೇ ಇಲ್ಲದಿರುವಾಗ ಆ ಅರ್ಜಿಯೇ ಒಂದು ಪರೀಕ್ಷೆ. ಧರ್ಮಶಾಸ್ತ್ರದ ಪಾಠ ಎಲ್ಲರಿಗೂ ಇದೆ, ಪ್ರವೇಶಕ್ಕೆ ಕ್ಯಾಥೊಲಿಕ್ ಆಗಿರಲೇಬೇಕೆಂದಿಲ್ಲ. ಪ್ರಾರ್ಥನೆ, ಧ್ಯಾನಕೂಟ, ಸಮಾಜಸೇವೆಗಳೂ ಉಂಟು, ಸಂಜೆ ಬಾಸ್ಕೆಟ್‌ಬಾಲೂ ಉಂಟು.

ಹೊಟ್ಟೆಪಾಡಿಗೆಂದು ಹೂಡಿದ ಉಪಾಯ ತಾನೇ ಒಂದು ಪಠ್ಯವಾಗಿಬಿಟ್ಟದ್ದು ನಡೆಸುವವರಿಗೇ ಅಚ್ಚರಿ ತಂದಿತು. ಅಪ್ಪ ರಾತ್ರಿಪಾಳಿಯಲ್ಲಿ ಗುಡಿಸುವ ಗಗನಚುಂಬಿಗೆ ಮಗಳು ಹಗಲಲ್ಲಿ ಗುರುತಿನ ಚೀಟಿ ತೋರಿಸಿ ಒಳಹೋದಾಗ, ಪದವಿ ಓದಿದವರು ಏನು ಮಾಡುತ್ತಾರೆ ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನೇ ಜಾಗ ಬಿಟ್ಟುಕೊಟ್ಟಿತು

ಸುದ್ದಿ ಹರಡಲು ಹೆಚ್ಚು ವರ್ಷ ಹಿಡಿಯಲಿಲ್ಲ. ಹೊಸ ಉದ್ಯಮಗಳಿಗೆ ಬಂಡವಾಳ ಹೂಡುವ ಕ್ಯಾಲಿಫೋರ್ನಿಯಾದ ಬಿ. ಜೆ. ಕ್ಯಾಸಿನ್ ಈ ಮಾದರಿಯನ್ನು ಬೇರೆ ನಗರಗಳಲ್ಲಿ ಬಿತ್ತಲು ಹಣ ಕೊಟ್ಟರು. 2001ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಶಾಲೆ ಶುರುವಾಯಿತು. ಲಾಸ್ ಏಂಜಲೀಸ್‌ನಲ್ಲಿ ಹಳೆಯ ಶಾಲೆಯೊಂದು ಈ ಪದ್ಧತಿಗೆ ಹೊರಳಿತು. ಡೆನ್ವರ್, ನ್ಯೂಯಾರ್ಕ್, ಬಾಲ್ಟಿಮೋರ್‌ಗಳು ಬೆನ್ನಲ್ಲೇ ಬಂದವು. ಗೇಟ್ಸ್ ಪ್ರತಿಷ್ಠಾನವೂ ಕೈಜೋಡಿಸಿತು. 2008ರಲ್ಲಿ ಫೋಲಿಯವರಿಗೆ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರಿಂದ ಪ್ರೆಸಿಡೆನ್ಷಿಯಲ್ ಸಿಟಿಜನ್ಸ್ ಪದಕ ಬಂತು.

ತೊಡಕಿದ್ದದ್ದು ಬಾಲಕಾರ್ಮಿಕ ನಿಯಮದಲ್ಲಿ. ಹದಿನಾಲ್ಕು–ಹದಿನೈದರ ಮಕ್ಕಳು ಶಾಲೆಯ ವೇಳೆಯಲ್ಲಿ ದುಡಿಯುವಂತಿಲ್ಲ ಎನ್ನುವುದು ಅಮೆರಿಕದ ಹಳೆಯ ಕಟ್ಟಳೆ. ಗಿರಣಿಗಳಿಂದ ಮಕ್ಕಳನ್ನು ಬಿಡಿಸಿ ಶಾಲೆಗೆ ಕಳಿಸಲು ಬಂದ ಕಟ್ಟಳೆ ಅದು. ಶಾಲೆಯಲ್ಲಿ ಉಳಿಯಲೆಂದೇ ದುಡಿಯುವ ಮಕ್ಕಳಿಗೆ ಅದೇ ಅಡ್ಡ ನಿಂತಿತು. 2010ರಲ್ಲಿ ಕಾರ್ಮಿಕ ಇಲಾಖೆ ನಿಯಮಗಳನ್ನು ಪರಿಷ್ಕರಿಸಿ, ಕಾಲೇಜಿಗೆ ಅಣಿಗೊಳಿಸುವ ಶಾಲೆಗಳ ಇಂಥ ಯೋಜನೆಗೆ ಪ್ರತ್ಯೇಕ ಅವಕಾಶ ಕೊಟ್ಟಿತು. ವಾರಕ್ಕೆ 18 ಗಂಟೆ ಮೀರಬಾರದು. ನಾಲ್ಕು ವಾರದ ಸುತ್ತಿನಲ್ಲಿ ಮೂರು ವಾರ ಶಾಲಾವೇಳೆಯ ಕೆಲಸ ಒಂದೊಂದೇ ದಿನ, ಒಂದು ವಾರ ಮಾತ್ರ ಎರಡು ದಿನ, ದಿನಕ್ಕೆ ಎಂಟು ಗಂಟೆ ದಾಟಬಾರದು. ಲೆಕ್ಕ ಹಾಕಿದರೆ ತಿಂಗಳಿಗೆ ಅದೇ ಐದು ದಿನ. ಪಿಲ್ಸೆನ್‌ನ ವೇಳಾಪಟ್ಟಿಯೇ ಒಕ್ಕೂಟ ಸರ್ಕಾರದ ನಿಯಮಪುಸ್ತಕಕ್ಕೆ ಇಳಿದಂತಾಯಿತು.

ಹಾಗೆಂದು ಎಲ್ಲರಿಗೂ ಬಾಗಿಲು ತೆರೆದಿದೆ ಎನ್ನುವಂತಿಲ್ಲ. ದುಡಿಯಲು ಕಾನೂನಿನ ಕಾಗದ ಬೇಕು. ವಲಸಿಗರ ಕೇರಿಯಲ್ಲಿ ಆ ಕಾಗದವಿಲ್ಲದ ಮಗುವಿಗೆ ಈ ಶಾಲೆಯ ಬಾಗಿಲು ಸಲೀಸಲ್ಲ. ಕಚೇರಿಗಳು ಹೆಚ್ಚಿರುವ ದೊಡ್ಡ ನಗರದಲ್ಲಷ್ಟೇ ಈ ಲೆಕ್ಕ ಕೂಡಿಬರುತ್ತದೆ, ಹಳ್ಳಿಗಾಡಿನಲ್ಲಿ ಅಲ್ಲ. ಆರ್ಥಿಕ ಹಿಂಜರಿತ ಬಂದಾಗ ಕಂಪನಿಗಳು ಮೊದಲು ಕತ್ತರಿ ಹಾಕುವುದು ಇಂಥ ಕೆಲಸಗಳಿಗೆ. 2020ರ ಮಾರ್ಚ್‌ನಲ್ಲಿ ಕಚೇರಿಗಳು ಮುಚ್ಚಿದಾಗ ಶಾಲೆಯ ಆದಾಯದ ಬುಡವೇ ಅಲುಗಿತು. 1996ರಲ್ಲಿ ಮಕ್ಕಳು ಮಾಡುತ್ತಿದ್ದ ಫ್ಯಾಕ್ಸ್, ಕಡತ, ಟಪಾಲಿನ ಕೆಲಸಗಳು ಬಹುಪಾಲು ಕಂಪ್ಯೂಟರಿನೊಳಗೆ ಹೋಗಿವೆ. ಅದಕ್ಕೆ ತಕ್ಕಂತೆ ಬೇಸಿಗೆಯ ತರಬೇತಿಯೂ ಬದಲಾಗಬೇಕು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಸಿರಿವಂತರ ಮಗ ಆ ದಿನವನ್ನು ಪುಸ್ತಕಕ್ಕೋ ಆಟಕ್ಕೋ ಕೊಡುವಾಗ ಬಡವರ ಮಗನೊಬ್ಬನೇ ತನ್ನ ಓದಿನ ಬೆಲೆಯನ್ನು ಯಾಕೆ ದುಡಿದು ತೀರಿಸಬೇಕು? ನ್ಯಾಯವಾದ ಪ್ರಶ್ನೆ. ಆದರೆ ಸಿರಿವಂತರ ಮಗನಿಗೆ ರಜೆಯಲ್ಲಿ ಅಪ್ಪನ ಗೆಳೆಯರ ಕಚೇರಿಯಲ್ಲಿ ಇಂಟರ್ನ್‌ಶಿಪ್ ಸಿಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಪಿಲ್ಸೆನ್‌ನ ಅಪ್ಪನಿಗೆ ಅಂಥ ಗೆಳೆಯರಿಲ್ಲ. ನಾಲ್ಕು ವರ್ಷ ವಾರಕ್ಕೊಮ್ಮೆ ಕಚೇರಿಗೆ ಹೋಗಿಬಂದ ಮಗಳಿಗೆ ಶಿಫಾರಸು ಪತ್ರ ಬರೆಯುವ ವಕೀಲರೂ ಲೆಕ್ಕಪರಿಶೋಧಕರೂ ಪರಿಚಯವಾಗಿರುತ್ತಾರೆ. ಹಳೆಯ ಕಾಲೇಜ್ ಪ್ರೆಪ್‌ಗಳು ಶುಲ್ಕಕ್ಕೆ ಬದಲಾಗಿ ಕೊಡುತ್ತಿದ್ದುದರಲ್ಲಿ ಈ ಪರಿಚಯದ ಪಾಲು ದೊಡ್ಡದು, ಮಾಹಿತಿಪುಸ್ತಕದಲ್ಲಿ ಮಾತ್ರ ಅದು ಇರುತ್ತಿರಲಿಲ್ಲ. ನಾಳೆ ದಾನಿಯೊಬ್ಬರು ಮುಂದೆ ಬಂದು ಮೆಸ್ಸೀನಾದ ಕಾಲದಂತೆ ಪೂರ್ತಿ ಖರ್ಚು ತಾವೇ ಕೊಡುತ್ತೇವೆಂದರೂ, ಈ ಶಾಲೆಗಳು ಕಚೇರಿಯ ದಿನವನ್ನು ಕೈಬಿಡುವುದು ಅನುಮಾನ.