ವಕೀಲಕಿ ಓದು: ಒಂದು ವರ್ಷ ಉಳಿಸೋದೋ, ಬುಡ ಗಟ್ಟಿ ಮಾಡೋದೋ?

"ಮಗಳು ಕರಿಕೋಟು ಹಾಕತೀನಿ ಅಂತಾಳ. ಹಾಕಲಿ. ಆದರ ಪಿಯುಸಿ ಮುಗಿದ ಕೂಡ್ಲೇ ಐದು ವರ್ಷದ ಲಾ ಓದಸೋಣೋ, ಇಲ್ಲಾ ಮೊದಲ ಬಿ.ಕಾಂ. ಮುಗಸಲಿ, ಆಮ್ಯಾಲ ಮೂರು ವರ್ಷದ್ದು ನೋಡೋಣೋ?"

ಪಿಯುಸಿ ಫಲಿತಾಂಶ ಬಂತೆಂದರೆ ಧಾರವಾಡ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ಕುಂದಗೋಳದಲ್ಲೂ ಇದೇ, ಕಲಘಟಗಿಯಲ್ಲೂ ಇದೇ. ಏಳುವುದಕ್ಕೆ ಕಾರಣವೂ ಇದೆ. ಧಾರವಾಡಕ್ಕೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. 2009ರಲ್ಲಿ ಹುಬ್ಬಳ್ಳಿಯ ನವನಗರಕ್ಕೆ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಬಂತು. 2018ರಲ್ಲಿ ಹುಬ್ಬಳ್ಳಿಯ ಹೊಸ ನ್ಯಾಯಾಲಯ ಸಂಕೀರ್ಣ ಬಾಗಿಲು ತೆರೆಯಿತು. ಒಂದು ಖಟ್ಲೆಯ ಅಪೀಲಿಗೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದ ಜನ ಈಗ ಚಿಗರಿ ಬಸ್ಸಿನ ಹಾದಿಯಲ್ಲೇ ಕಾಯ್ದೆಯನ್ನೂ ಕೋರ್ಟನ್ನೂ ಕಾಣುತ್ತಿದ್ದಾರೆ. ವಕೀಲಕಿ ಕಣ್ಣಿಗೆ ಹತ್ತಿರವಾಗಿದೆ. ಅದಕ್ಕೇ ಈ ಲೆಕ್ಕಾಚಾರ.

ಲೆಕ್ಕ ಏನು?

ಪಿಯುಸಿ ಮುಗಿಸುವಾಗ ಹುಡುಗನಿಗೆ ಹದಿನೆಂಟು. ಐದು ವರ್ಷದ ಕೋರ್ಸು, ಅಂದರೆ ಹತ್ತು ಸೆಮಿಸ್ಟರ್ ಮುಗಿಸಿದರೆ ಇಪ್ಪತ್ಮೂರಕ್ಕೆ ಎರಡು ಪದವಿ ಕೈಗೆ: ಬಿ.ಎ. ಅಥವಾ ಬಿ.ಬಿ.ಎ. ಜೊತೆಗೆ ಎಲ್‌ಎಲ್.ಬಿ. ಡಿಗ್ರಿಗೆ ಮೂರು, ಲಾಕ್ಕೆ ಮೂರು ಅಂತ ಹೋದರೆ ಇಪ್ಪತ್ನಾಲ್ಕು. ಉಳಿತಾಯ ಒಂದೇ ಒಂದು ವರ್ಷ. ಒಂದು ವರ್ಷದ ರೂಮು ಬಾಡಿಗೆ, ಖಾನಾವಳಿ ಖರ್ಚು, ಬಸ್ ಪಾಸು ಉಳಿದವು ಅನ್ನಿ. ಬಡವರ ಮನೆಯಲ್ಲಿ ಅದು ಸಣ್ಣ ಮಾತಲ್ಲ.

ಐದು ವರ್ಷದ್ದಕ್ಕೆ ಇನ್ನೂ ಒಂದು ಲಾಭವಿದೆ. ಹುಡುಗರು ಮೊದಲ ದಿನದಿಂದಲೇ ಕಾಯ್ದೆಯ ವಾತಾವರಣದಲ್ಲಿ ಬೆಳೆಯುತ್ತಾರೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಐದು ವರ್ಷದವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು, ಮೂರು ವರ್ಷದವರಿಗೆ 12 ವಾರ ಸಾಕು. ಎಂಟು ವಾರ ಹೆಚ್ಚು ಕೋರ್ಟು ಕಂಡವನಿಗೆ ಕೈಫಿಯತ್ತು ಎಂದರೇನು, ಪಾಟೀ ಸವಾಲು ಹೇಗೆ ನಡೆಯುತ್ತದೆ ಎಂಬುದರ ರುಚಿ ಮೊದಲೇ ಹತ್ತಿರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಪ್ರೊ. ಎನ್.ಆರ್. ಮಾಧವ ಮೆನನ್ ಮುಂದಾಳುತನದಲ್ಲಿ ಐದು ವರ್ಷದ ತರಗತಿ ಶುರು ಮಾಡಿದ ಮೇಲೆ ದೇಶದ ತುಂಬ ಇದೇ ಮಾದರಿಗೆ ಮಾನ ಬಂತು. ಆದರೆ ಅದೇ ಶಾಲೆ 2022ರಲ್ಲಿ ಪದವೀಧರರಿಗೆ ಮೂರು ವರ್ಷದ ಕೋರ್ಸನ್ನೂ ತೆರೆಯಿತು ಎಂಬುದನ್ನು ಮರೆಯಬಾರದು!

ನಡುವೆ ಇಳಿಯಾಕ ಬರಂಗಿಲ್ಲ

ಈಗ ಕೊಡದ ತೂತು ನೋಡೋಣ. ಐದು ವರ್ಷದ ಕೋರ್ಸು ತಡೆರಹಿತ ಬಸ್ ಇದ್ದಂತೆ. ಮೂರು ವರ್ಷ ಓದಿ, "ನನಗ ಲಾ ಒಗ್ಗಂಗಿಲ್ರಿ, ಬಿ.ಎ. ಅಷ್ಟು ಕೊಟ್ಟುಬಿಡ್ರಿ" ಅಂದರೆ ಆಗುವುದಿಲ್ಲ. ಜೋಡಿ ಪದವಿಯನ್ನು ಒಡೆದು ನಡುವೆ ಕೊಡುವುದಕ್ಕೆ 2008ರ ನಿಯಮವೇ ಅಡ್ಡ. ನಡುವೆ ಹತ್ತುವುದಕ್ಕೂ ಅವಕಾಶವಿಲ್ಲ. ಅಪ್ಪ ಹಾಸಿಗೆ ಹಿಡಿದ, ಮಳೆ ಕೈಕೊಟ್ಟಿತು, ಮಗಳ ಲಗ್ನ ಗೊತ್ತಾಯಿತು ಎಂದು ಓದು ನಿಂತರೆ ಮೂರು ವರ್ಷದ ಫೀ ಕಟ್ಟಿಯೂ ಕೈಯಲ್ಲಿ ಉಳಿಯುವುದು ಪಿಯುಸಿ ಮಾರ್ಕ್ಸ್ ಕಾರ್ಡೇ.

ಬಿ.ಕಾಂ. ಮುಗಿಸಿದವನದು ಹಾಗಲ್ಲ. ಅವನು ಡಿಗ್ರಿಯ ಮೇಲೆ ಬ್ಯಾಂಕ್ ಪರೀಕ್ಷೆ ಬರೆದಾನು, ನೌಕರಿ ಹಿಡಿದಾನು. ಲಾ ಬೇಕೆನಿಸಿದರೆ ಆಮೇಲೆ ಸೇರಿಯಾನು. ಆ ಒಂದು ವರ್ಷ ಅವನ ಪಾಲಿಗೆ ವಿಮೆಯ ಕಂತು ಇದ್ದಂತೆ.

ಇನ್ನೊಂದು ಮಾತು. ಹದಿನೆಂಟರ ಹುಡುಗನಿಗೆ ತನಗೇನು ಬೇಕು ಎಂಬುದು ಗೊತ್ತಿರುತ್ತದೆಯೇ? ಕೆಲವರಿಗೆ ಇರುತ್ತದೆ. ಬಹಳ ಮಂದಿಗೆ ಅಪ್ಪ ಹೇಳಿದ್ದೇ ಬೇಕಾದದ್ದು. ಮೂರು ವರ್ಷದ ಕೋರ್ಸಿಗೆ ಬರುವವರಲ್ಲಿ ಮಾಸ್ತರಿಕೆ, ಗುಮಾಸ್ತಿಕೆ ಮಾಡಿ ಬಂದವರೂ ಇರುತ್ತಾರೆ. ಹೊಲದ ವಾಟ್ನಿ ಎಂದರೇನು, ಉತಾರ ಎಂದರೇನು ಎಂದು ಅವರಿಗೆ ಪುಸ್ತಕ ಹೇಳಿಕೊಡಬೇಕಾಗಿಲ್ಲ.

ಇನ್ನೂ ಕಡಿಮೆ ಮಾಡಿದರೆ?

ಐದೂ ಬ್ಯಾಡ, ಪಿಯುಸಿ ನಂತರ ಮೂರೇ ವರ್ಷಕ್ಕೆ ಲಾ ಮುಗಿಯಲಿ ಎಂಬ ಅರ್ಜಿಯೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. 2024ರ ಏಪ್ರಿಲ್‌ನಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಅದಕ್ಕೆ ಕಿವಿಗೊಡಲಿಲ್ಲ. ಈ ವೃತ್ತಿಗೆ ಪಕ್ವವಾದ ಮಂದಿ ಬೇಕು ಎಂಬುದು ಪೀಠದ ನಿಲುವು. ಅರ್ಜಿ ವಾಪಸಾಯಿತು.

ನಮ್ಮ ಹಿರಿಯ ವಕೀಲರಲ್ಲಿ ಎರಡೇ ವರ್ಷ ಲಾ ಓದಿ ಸನದು ಪಡೆದವರಿದ್ದರು. 1967-68ರವರೆಗೆ ಸೇರಿದವರಿಗೆ 1961ರ ವಕೀಲರ ಕಾಯ್ದೆಯೇ ಎರಡು ವರ್ಷವನ್ನು ಒಪ್ಪುತ್ತದೆ. ಅಂದರೆ ನಮ್ಮಲ್ಲಿ ಓದು ಉದ್ದವಾಗುತ್ತ ಬಂದಿದೆ, ಗಿಡ್ಡವಾಗಿಲ್ಲ. ಅಮೆರಿಕದಲ್ಲಿ ನಾಲ್ಕು ವರ್ಷದ ಡಿಗ್ರಿಯ ಮೇಲೆ ಮೂರು ವರ್ಷ ಲಾ. ಅದನ್ನು ಎರಡಕ್ಕಿಳಿಸಬಹುದಲ್ಲ ಎಂದು 2013ರಲ್ಲಿ ಅಧ್ಯಕ್ಷ ಒಬಾಮಾ ಅವರೇ ಹೇಳಿದ್ದರು. ಅಲ್ಲಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ 2009ರಲ್ಲಿ ಅವಸರದ ಎರಡು ವರ್ಷದ ಕೋರ್ಸು ತೆಗೆದಿತ್ತು. ಅಂದುಕೊಂಡಷ್ಟು ಮಂದಿ ಬರಲಿಲ್ಲ, 2015ರಲ್ಲಿ ಅದನ್ನು ನಿಲ್ಲಿಸುವ ತೀರ್ಮಾನಕ್ಕೆ ಬಂತು.

ಅಸಲು ಕಾಯುವುದು ಮುಂದೆ

ಉಳಿಸಿದ ಆ ಒಂದು ವರ್ಷ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪಾಲಕರು ಕೇಳಿಕೊಳ್ಳಬೇಕು. ಪದವಿ ಬಂದ ಮೇಲೆ ಸನದು. ಅದರ ಮೂಲ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕಡಿವಾಣ ಹಾಕಿತು. ಅದೊಂದು ಸಮಾಧಾನ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಆಮೇಲೆ ಸೀನಿಯರ್ ಕೈಕೆಳಗೆ ಫೈಲು ಹೊರುವ ವರ್ಷಗಳು. ಜೂನಿಯರ್‌ಗಳಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಿ ಎಂದು ಪರಿಷತ್ತು 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿತು. ಶಿಫಾರಸು ಅಷ್ಟೇ, ಕಡ್ಡಾಯವಲ್ಲ!

ಓದು ಮುಗಿದ ಕೂಡಲೇ ಜಡ್ಜ್ ಪರೀಕ್ಷೆ ಬರೆಯುವೆನೆಂಬ ಆಸೆಗೂ 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪು ತಡೆಯೊಡ್ಡಿತು: ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಕಿ ಬೇಕು. ಇಪ್ಪತ್ಮೂರಕ್ಕೆ ಮುಗಿಸಿದವನೂ ಅಲ್ಲಿ ಇಪ್ಪತ್ತಾರರವರೆಗೆ ಕಾಯಬೇಕು.

ಹಾಗಾದರೆ ಯಾವುದು?

ಮಗನಿಗೆ ಕಾಯ್ದೆಯ ಹುಚ್ಚು ನಿಜವಾಗಿಯೂ ಇದೆಯೇ, ಐದು ವರ್ಷ ಫೀ ತಪ್ಪದೆ ಕಟ್ಟುವ ಧೈರ್ಯ ಮನೆಗಿದೆಯೇ? ಎರಡಕ್ಕೂ ಹೌದು ಎಂದರೆ ಐದು ವರ್ಷದ್ದು ಒಳ್ಳೆಯ ದಾರಿ. ಒಂದಕ್ಕೆ ಅನುಮಾನವಿದ್ದರೂ ಮೊದಲು ಡಿಗ್ರಿ ಮುಗಿಯಲಿ. ಎರಡಕ್ಕೂ ಅಂಕದ ಗೆರೆ ಒಂದೇ: ಸಾಮಾನ್ಯ ವರ್ಗಕ್ಕೆ ನೂರಕ್ಕೆ 45, ಹಿಂದುಳಿದವರಿಗೆ 42, ಪರಿಶಿಷ್ಟರಿಗೆ 40. ಕೆಳಗಿನ ತರಗತಿ ಓದದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರ ಪದವಿ ತಂದವರಿಗೆ ಪ್ರವೇಶವಿಲ್ಲ. ದಾಖಲೆ ನೋಡಿಯೇ ಫೀ ಕಟ್ಟಬೇಕು.

ಮತ್ತೊಂದು: ಪ್ರವೇಶಕ್ಕೆ ಮೊದಲು ಹುಡುಗನನ್ನು ಒಂದು ದಿನ ಹುಬ್ಬಳ್ಳಿ ಕೋರ್ಟಿಗೆ ಕಳಿಸಿ. ಬೆಳಿಗ್ಗೆಯಿಂದ ಸಂಜೆವರೆಗೆ ಕೂಡಲಿ. ತಾರೀಖು ಮುಂದೆ ಹೋದದ್ದನ್ನು ನೋಡಲಿ, ಪಕ್ಷಗಾರರ ಮುಖ ನೋಡಲಿ. ಯಾವ ವಕೀಲನೂ ಆ ಪಕ್ಷಗಾರನಿಗೆ, ತಾನು ಎಷ್ಟು ಬೇಗ ಲಾ ಮುಗಿಸಿದೆನೆಂದು ಹೇಳಿ ಸಮಾಧಾನ ಮಾಡಲಾರ. ಅವನು ಕೇಳುವುದು ಒಂದೇ: "ಸಾಹೇಬ್ರ, ನನ್ನ ಹೊಲ ಉಳಿಸಿ ಕೊಡತೀರೇನ್ರಿ?"