ಮೂರು ಹೆಂಚು, ಒಂದು ಹೆಸರು: ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ಶಾಸನದ ಕಣ್ಣಿನಿಂದ ನೋಡಿದಾಗ

ಹಿರಿಯೂರಿನಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲದ ಮೇಲೆ ಹಾದುಹೋಗುವ ಹೆದ್ದಾರಿ ನೇರ ಮೈಸೂರು ಮುಟ್ಟುತ್ತದೆ. ನಮ್ಮ ಕಡೆಯಿಂದ ಮೈಸೂರಿಗೆ ಪ್ರವಾಸ ಹೋದವರ ಪಟ್ಟಿಯಲ್ಲಿ ಅರಮನೆ, ಚಾಮುಂಡಿ ಬೆಟ್ಟದ ಜೊತೆಗೆ ಸಂತ ಫಿಲೋಮಿನಾ ಚರ್ಚ್ ಇದ್ದೇ ಇರುತ್ತದೆ. ಹೋದವರೆಲ್ಲ ಕತ್ತೆತ್ತಿ 175 ಅಡಿ ಎತ್ತರದ ಅವಳಿ ಗೋಪುರ ನೋಡ್ತಾರೆ, ಫೋಟೋ ತೆಗೀತಾರೆ, ಬರ್ತಾರೆ. ಶಾಸನಾಸಕ್ತರಾದ ನಮಗೆ ಅಲ್ಲಿ ಇನ್ನೂ ಎರಡು ವಿಷಯಗಳಿವೆ. ಒಂದು, ಈಗಿನ ಕಟ್ಟಡಕ್ಕೂ ಮುಂಚೆ ಅಲ್ಲಿದ್ದ ಚರ್ಚಿನ ಶಾಸನ. ಇನ್ನೊಂದು, ರೋಮ್ ನಗರದ ನೆಲದಡಿಯಲ್ಲಿ ಸಿಕ್ಕಿದ ಒಂದು ಪುಟ್ಟ ಬರಹ. ಈ ಚರ್ಚಿಗೆ ಫಿಲೋಮಿನಾ ಎಂಬ ಹೆಸರು ಬಂದಿರುವುದೇ ಆ ಬರಹದಿಂದ. ಆ ಬರಹವನ್ನು ಹೇಗೆ ಓದಬೇಕು ಅನ್ನೋದು ಇಂದಿಗೂ ಶಾಸನಶಾಸ್ತ್ರದ ಒಂದು ಒಳ್ಳೆಯ ಪಾಠ.

ಮೊದಲು ಕಟ್ಟಡ. ಇದು ಗೋಥಿಕ್ ಶೈಲಿಯ ಚರ್ಚ್. ಜರ್ಮನಿಯ ಕಲೋನ್ ಕೆಥೆಡ್ರಲ್ಲಿನ ಗೋಪುರಗಳಿಗೆ ಇದನ್ನು ಹೋಲಿಸುವುದು ರೂಢಿ. ಕಲೋನ್ ಗೋಪುರದ ಎತ್ತರ 157 ಮೀಟರ್. ಮೈಸೂರಿನದು ಸುಮಾರು 53 ಮೀಟರ್, ಅಂದರೆ ಮೂರನೇ ಒಂದು ಭಾಗ. ನಮ್ಮ ಕಲ್ಲಿನ ಗುಡಿಗಳಲ್ಲಿ ಕಂಬದ ಮೇಲೆ ತೊಲೆ ಕೂತಿರುತ್ತದೆ. ಕಲ್ಲು ಅದುಮಿದರೆ ತಡೆಯುತ್ತದೆ, ಬಾಗಿಸಿದರೆ ಒಡೆಯುತ್ತದೆ. ಹಾಗಾಗಿ ಕಂಬಗಳು ಹತ್ತಿರ ಹತ್ತಿರ ಇರಲೇಬೇಕು. ಕಮಾನಿನಲ್ಲಿ ತೊಲೆ ಇಲ್ಲ, ಆದರೆ ಅದು ಪಕ್ಕಕ್ಕೆ ತಳ್ಳುತ್ತದೆ. ಗೋಥಿಕ್‌ನ ಚೂಪು ಕಮಾನು ಅರ್ಧವೃತ್ತದ ಕಮಾನಿಗಿಂತ ಪಕ್ಕಕ್ಕೆ ಕಡಿಮೆ ತಳ್ಳಿ, ಭಾರವನ್ನು ಹೆಚ್ಚಾಗಿ ಕೆಳಕ್ಕೆ ಇಳಿಸುತ್ತದೆ. ಅದರಿಂದಲೇ ಅಷ್ಟು ಎತ್ತರ, ಅಷ್ಟು ದೊಡ್ಡ ಬಣ್ಣದ ಗಾಜಿನ ಕಿಟಕಿಗಳು ಸಾಧ್ಯವಾದವು.

ಇಂಥ ಚರ್ಚುಗಳನ್ನು ಕಟ್ಟುವುದಕ್ಕೆ ಯುರೋಪಿನಲ್ಲಿ ಒಂದು ಮುಖ್ಯ ಕಾರಣ ಸಂತರ ಅವಶೇಷ. ಕ್ರಿಸ್ತನನ್ನು ನೋಡಲು ಬಂದ ಮೂವರು ಜ್ಞಾನಿಗಳದ್ದು ಎಂದು ನಂಬಲಾದ ಅವಶೇಷಗಳು 1164ರಲ್ಲಿ ಕಲೋನಿಗೆ ಬಂದವು. ಅವಕ್ಕೆ ತಕ್ಕ ಆಲಯ ಬೇಕೆಂದು 1248ರಲ್ಲಿ ಕೆಲಸ ಶುರುವಾಯಿತು. ಮೈಸೂರಿನಲ್ಲೂ ಹೀಗೇ ಆಯಿತು. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿಯವರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರ ಮೂಲಕ ಸಂತ ಫಿಲೋಮಿನಾಳ ಅವಶೇಷವೊಂದನ್ನು ತರಿಸಿದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ಚರ್ಚಿಗೆ ಅಡಿಗಲ್ಲು ಇಟ್ಟರು. ಸಂತಳ ಪ್ರತಿಮೆ ಇರುವುದು ನೆಲಮಾಳಿಗೆಯಲ್ಲಿ. ಹೋದಾಗ ಮೆಟ್ಟಿಲಿಳಿದು ನೋಡಿ.

ಹಳೆಯ ಚರ್ಚಿನ ಶಾಸನ

ಅದೇ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಚರ್ಚ್ ಇತ್ತು. 1933ರಲ್ಲಿ ಅಡಿಗಲ್ಲು ಇಡುವ ಹೊತ್ತಿಗೂ ಅದರ ಶಾಸನ ಅಲ್ಲಿತ್ತು. ಅದರ ಸಾರಾಂಶ ಹೀಗಿದೆ: ಬೆಳಕಿನ ಲೋಕವನ್ನೂ ಈ ಲೋಕವನ್ನೂ ಸಕಲ ಜೀವರಾಶಿಯನ್ನೂ ಸೃಷ್ಟಿಸಿ, ಕಾಪಾಡಿ, ಆಳುವ ಒಬ್ಬನೇ ದೇವರ ಹೆಸರಿನಲ್ಲಿ, ಲೋಕದ ಬೆಳಕಾದ ಏಸು ಕ್ರಿಸ್ತನು ಮನುಷ್ಯನಾಗಿ ಅವತರಿಸಿ 1843 ವರ್ಷಗಳಾದ ಮೇಲೆ ಈ ಚರ್ಚನ್ನು ಕಟ್ಟಲಾಯಿತು.

ಶಾಸನ ಓದಿ ಅಭ್ಯಾಸ ಇರುವವರಿಗೆ ಈ ಧಾಟಿ ಕೂಡಲೇ ಪರಿಚಿತ ಅನಿಸುತ್ತೆ. ಮೊದಲು ದೇವಸ್ತುತಿ, ಆಮೇಲೆ ಕಾಲ, ಆಮೇಲೆ ಮಾಡಿದ ಕೆಲಸ. ನಮ್ಮ ದಾನಶಾಸನಗಳಲ್ಲಿ ಶಕವರ್ಷ, ಸಂವತ್ಸರ ಬರುವ ಜಾಗದಲ್ಲಿ ಇಲ್ಲಿ ಕ್ರಿಸ್ತವರ್ಷ ಬಂದಿದೆ. ದೇವರು ಬೇರೆ, ವರ್ಷದ ಲೆಕ್ಕ ಬೇರೆ. ಶಾಸನದ ಚೌಕಟ್ಟು ಮಾತ್ರ ನಮ್ಮದೇ. ಆ ಚರ್ಚ್ ಈಗಿಲ್ಲ. ಕಟ್ಟಿಸಿದವರ ಮನಸ್ಸು ಹೇಗಿತ್ತು ಅನ್ನೋದನ್ನ ಅದರ ಬರಹ ಉಳಿಸಿಕೊಂಡಿದೆ.

ರೋಮಿನ ಮೂರು ಹೆಂಚು

ಈಗ ಹೆಸರಿನ ಕಥೆ. ರೋಮಿನ ನೆಲದಡಿ ಹಳೆಯ ಕ್ರೈಸ್ತರ ಸಮಾಧಿ ಸುರಂಗಗಳಿವೆ. ಗೋಡೆಯಲ್ಲಿ ಗೂಡು ಕೊರೆದು, ದೇಹವಿಟ್ಟು, ಬಾಯಿಯನ್ನು ಹೆಂಚಿನಿಂದಲೋ ಕಲ್ಲಿನಿಂದಲೋ ಮುಚ್ಚುತ್ತಿದ್ದರು. ಪ್ರಿಸಿಲ್ಲಾ ಎಂಬ ಹೆಸರಿನ ಸುರಂಗದಲ್ಲಿ 1802ರ ಮೇ ತಿಂಗಳಲ್ಲಿ ಅಂಥ ಒಂದು ಗೂಡು ಸಿಕ್ಕಿತು. ಮುಚ್ಚಿದ್ದು ಮೂರು ಸುಟ್ಟಮಣ್ಣಿನ ಹೆಂಚು. ಮೇಲೆ ಕೆಂಪು ಬಣ್ಣದಲ್ಲಿ ಲ್ಯಾಟಿನ್ ಅಕ್ಷರ, ಜೊತೆಗೆ ಲಂಗರು, ಬಾಣ ಮುಂತಾದ ಚಿಹ್ನೆಗಳು. ಒಳಗೆ ಹದಿಹರೆಯದ ಹುಡುಗಿಯೊಬ್ಬಳ ಮೂಳೆಗಳು.

ಹೆಂಚುಗಳು ಇದ್ದ ಕ್ರಮದಲ್ಲೇ ಓದಿದರೆ ಬರುವುದು: ಲುಮೆನಾ – ಪಾಕ್ಸ್‌ತೆ – ಕುಮ್‌ಫಿ. ಅರ್ಥವೇ ಇಲ್ಲ. ಮೊದಲ ಹೆಂಚನ್ನು ಕೊನೆಗೆ ತಂದರೆ: ಪಾಕ್ಸ್ ತೆಕುಮ್ ಫಿಲುಮೆನಾ. "ನಿನಗೆ ಶಾಂತಿಯಿರಲಿ, ಫಿಲೋಮಿನಾ" ಎಂದರ್ಥ.

ಕನ್ನಡದಲ್ಲಿ ಒಂದು ಕಲ್ಪಿತ ಉದಾಹರಣೆ ಕೊಡ್ತೀನಿ. ಮೂರು ಚಪ್ಪಡಿ ಮೇಲೆ ಕ್ರಮವಾಗಿ "ಚವ್ವೆಗೆ", "ಮಂಗ", "ಳಂ ಮಾ" ಅಂತ ಇದೆ ಅಂದುಕೊಳ್ಳಿ. ಮೊದಲನೆಯದನ್ನು ಕೊನೆಗಿಟ್ಟರೆ "ಮಂಗಳಂ ಮಾಚವ್ವೆಗೆ" ಆಯಿತು. ಪಾಠ ಸರಿಯಾಯಿತು, ಯಾರೂ ತಕರಾರು ಮಾಡುವುದಿಲ್ಲ. ಆದರೆ ಇನ್ನೊಂದು ಪ್ರಶ್ನೆ ಉಳಿಯುತ್ತೆ. ಚಪ್ಪಡಿಗಳು ಹಿಂದುಮುಂದು ಆಗಿದ್ದು ಯಾಕೆ?

ಅಕ್ಷರ ಬಾರದ ಕೆಲಸಗಾರನೋ, ಅವಸರದಲ್ಲಿದ್ದವನೋ ತಪ್ಪಾಗಿ ಜೋಡಿಸಿರಬಹುದು ಎನ್ನುವುದು ಒಂದು ವಾದ. ಹಾಗಿದ್ದರೆ ಒಳಗಿದ್ದವಳೇ ಫಿಲೋಮಿನಾ. 20ನೇ ಶತಮಾನದ ಆರಂಭದಲ್ಲಿ ಇಟಲಿಯ ಪುರಾತತ್ವಜ್ಞ ಒರಾತ್ಸಿಯೊ ಮರುಕ್ಕಿ ಬೇರೆ ವಾದ ಮುಂದಿಟ್ಟ. ಹೆಂಚುಗಳು ಹಳೆಯವು, ದೇಹ ಅದಕ್ಕಿಂತ ಈಚಿನದು. ಹಳೆಯ ಸಮಾಧಿಯ ಹೆಂಚನ್ನು ಬೇರೊಬ್ಬರ ಸಮಾಧಿಗೆ ಬಳಸುವಾಗ, ಈ ಹೆಸರು ಒಳಗಿರುವವರದ್ದಲ್ಲ ಎಂದು ತಿಳಿಯಲೆಂದೇ ಕ್ರಮ ತಪ್ಪಿಸಿ ಜೋಡಿಸಿದ್ದಾರೆ ಎಂದ. ಈ ವಾದದ ಪ್ರಕಾರ ಫಿಲೋಮಿನಾ ಎಂಬ ಹೆಸರು ನಿಜ, ಮೂಳೆಗಳೂ ನಿಜ, ಎರಡಕ್ಕೂ ಸಂಬಂಧ ಮಾತ್ರ ಇಲ್ಲ.

ಇದು ಬರೀ ಪಂಡಿತರ ಜಗಳವಾಗಿ ಉಳಿಯಲಿಲ್ಲ. ಮೂಳೆಗಳು 1805ರಲ್ಲಿ ನೇಪಲ್ಸ್ ಬಳಿಯ ಮುಗ್ನಾನೊ ಎಂಬ ಊರಿಗೆ ಹೋಗಿ, 19ನೇ ಶತಮಾನದಲ್ಲಿ ಭಕ್ತಿ ಯುರೋಪಿನಾಚೆಗೂ ಹಬ್ಬಿತ್ತು. 1961ರಲ್ಲಿ ವ್ಯಾಟಿಕನ್ ಆಕೆಯ ಹಬ್ಬವನ್ನು ಅಧಿಕೃತ ಪಂಚಾಂಗಗಳಿಂದ ತೆಗೆಯಲು ಸೂಚಿಸಿತು. ಮೈಸೂರಿನಲ್ಲಿ ಮೇಣದಬತ್ತಿ ಹಚ್ಚುವವರ ಸಾಲು ಅದರಿಂದ ನಿಲ್ಲಲಿಲ್ಲ. ಅವರ ಭಕ್ತಿಯನ್ನು ಅಳೆಯುವುದು ಶಾಸನಶಾಸ್ತ್ರದ ಕೆಲಸವೂ ಅಲ್ಲ. ಅದು ಕೇಳಬಲ್ಲ ಪ್ರಶ್ನೆ ಇಷ್ಟೇ: ಈ ಬರಹ ಇರುವ ಜಾಗ, ಅದನ್ನು ಬರೆದವರು ಇಟ್ಟ ಜಾಗವೇ?

ನಮ್ಮೂರಿನ ಕಲ್ಲುಗಳು

ಈ ಪ್ರಶ್ನೆ ನಮ್ಮ ಚಿತ್ರದುರ್ಗ ಜಿಲ್ಲೆಗೆ ನೇರವಾಗಿ ಅನ್ವಯಿಸುತ್ತದೆ. ಬ್ರಹ್ಮಗಿರಿಯ ಅಶೋಕನ ಶಾಸನ, ಚಂದ್ರವಳ್ಳಿಯ ಮಯೂರಶರ್ಮನ ಕೆರೆಯ ಶಾಸನ – ಇವು ಬಂಡೆಯ ಮೇಲಿವೆ. ಬಂಡೆ ಎದ್ದು ಹೋಗುವುದಿಲ್ಲ. ಮಯೂರಶರ್ಮ ಯಾವ ಕಣಿವೆಯಲ್ಲಿ ಕೆರೆ ಕಟ್ಟಿಸಿದ ಅಂತ ಹುಡುಕುವ ಕಷ್ಟ ಇಲ್ಲ. ಆದರೆ ವೀರಗಲ್ಲು, ಮಾಸ್ತಿಕಲ್ಲು, ದಾನಶಾಸನದ ಚಪ್ಪಡಿ ಹಾಗಲ್ಲ. ಗುಡಿ ಜೀರ್ಣೋದ್ಧಾರ ಅಂತ ಕೆಲಸ ಶುರುವಾದರೆ ಒಂದು ಕಲ್ಲು ಮೆಟ್ಟಿಲಾಗುತ್ತೆ, ಇನ್ನೊಂದು ಅರಳಿಕಟ್ಟೆ ಸೇರುತ್ತೆ, ಮತ್ತೊಂದಕ್ಕೆ ಎಣ್ಣೆಬಣ್ಣ ಬಳಿಯುತ್ತಾರೆ. ಅಕ್ಷರ ಉಳಿದರೂ ಯಾವ ಗದ್ದೆಯ ಗಡಿ, ಯಾವ ಕೆರೆಯ ತೂಬು ಎನ್ನುವ ಅರ್ಧ ಮಾಹಿತಿ ಅಲ್ಲೇ ಹೋಯಿತು.

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ನಮ್ಮ ಜಿಲ್ಲೆಯದು. ಅದರಲ್ಲಿ ಪ್ರತಿ ಶಾಸನಕ್ಕೂ ಊರು, ಕಲ್ಲು ಇದ್ದ ಜಾಗ ಕೊಟ್ಟಿರುತ್ತಾರೆ. ಪಾಠ ಓದುವ ಅವಸರದಲ್ಲಿ ನಾವು ಆ ಸಾಲನ್ನು ದಾಟಿ ಹೋಗ್ತೀವಿ. ಅದನ್ನೂ ಓದಿ, ಈಗ ಕಲ್ಲು ಎಲ್ಲಿದೆ ಅಂತ ಹೋಲಿಸಿ ನೋಡಿ.

ನಿಮ್ಮೂರಲ್ಲಿ ಹಳೆಯ ಗುಡಿಯೋ ಚರ್ಚೋ ಮಸೀದಿಯೋ ಬಿಚ್ಚುವ ಮಾತು ಬಂದರೆ, ಬಿಚ್ಚುವ ಮುಂಚೆ ಇಷ್ಟು ಮಾಡಿ. ಬರಹವಿರುವ ಪ್ರತಿ ಕಲ್ಲಿಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿ. ಒಂದು ದೂರದ ಫೋಟೋ, ಒಂದು ಹತ್ತಿರದ ಫೋಟೋ ತೆಗೆಯಿರಿ. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ಅದರ ಎಡಬಲಕ್ಕೆ ಯಾವ ಕಲ್ಲಿದೆ ಅಂತ ಬರೆದಿಡಿ. ಫೋನಿನಲ್ಲಿ ಜಿಪಿಎಸ್ ಗುರುತು ಉಳಿಸಿ. ಒಂದು ಮಧ್ಯಾಹ್ನದ ಕೆಲಸ. 1802ರಲ್ಲಿ ರೋಮಿನ ಅಗೆತದವರು ಹೆಂಚುಗಳು ಯಾವ ಕ್ರಮದಲ್ಲಿದ್ದವು ಅಂತ ಗುರುತು ಮಾಡಿಕೊಂಡಿದ್ದರಿಂದಲೇ ಮರುಕ್ಕಿ ನೂರು ವರ್ಷ ಆದ ಮೇಲೂ ಪ್ರಶ್ನೆ ಎತ್ತಲು ಆಯಿತು. ಅರ್ಥ ಕೂಡಿಬಂದ ಕ್ರಮವನ್ನಷ್ಟೇ ಬರೆದಿಟ್ಟಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.