ಕೆಮ್ಮಿದರೆ ಮೂತ್ರ ಸೋರುವುದೇ? ಸಂಕೋಚ ಬೇಡ, ಚಿಕಿತ್ಸೆಯಿದೆ

ಕೆಮ್ಮುವಾಗ, ಸೀನುವಾಗ, ಜೋರಾಗಿ ನಗುವಾಗ, ತುಂಬಿದ ಕೊಡ ಎತ್ತುವಾಗ ನಿಮಗೆ ಮೂತ್ರ ಸೋರುತ್ತದೆಯೇ? ನಮಾಝ್‌ನ ನಡುವೆ ವುಝೂ ಮುರಿಯಿತೇನೋ ಎಂಬ ಆತಂಕ ಕಾಡುತ್ತದೆಯೇ? ಸಹೋದರಿ, ಇದು ಹೆತ್ತವಳ ಹಣೆಬರಹವೆಂದು ಮುಚ್ಚಿಡಬೇಡಿ. ಇದೊಂದು ಕಾಯಿಲೆ, ಇದಕ್ಕೆ ಚಿಕಿತ್ಸೆಯಿದೆ.

ಹೆರಿಗೆ, ಬೊಜ್ಜು, ಹಳೆಯ ಕೆಮ್ಮು, ಮುಟ್ಟು ನಿಲ್ಲುವ ವಯಸ್ಸು ಇವುಗಳಿಂದ ಮೂತ್ರನಾಳಕ್ಕೆ ಆಸರೆಯಾದ ಸ್ನಾಯುಗಳು ಸಡಿಲವಾಗುತ್ತವೆ. ಆಗ ಹೊಟ್ಟೆಗೆ ಒತ್ತಡ ಬಿದ್ದೊಡನೆ ಮೂತ್ರ ಜಿನುಗುತ್ತದೆ.

ಮೊದಲ ಚಿಕಿತ್ಸೆ ವ್ಯಾಯಾಮ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸಿ. ಒಮ್ಮೆಗೆ 8 ಸಲದಂತೆ ದಿನಕ್ಕೆ 3 ಬಾರಿ, ಕನಿಷ್ಠ 3 ತಿಂಗಳು ಮಾಡಿ. ಸರಿಯಾದ ಕ್ರಮವನ್ನು ವೈದ್ಯೆಯಿಂದ ಕಲಿತುಕೊಳ್ಳಿ. ತೂಕ ಹೆಚ್ಚಿದ್ದರೆ ಇಳಿಸಿ.

ಇದರಿಂದ ಗುಣವಾಗದಿದ್ದರೆ ಶಸ್ತ್ರಚಿಕಿತ್ಸೆಯ ದಾರಿಗಳಿವೆ:

* ಸ್ವಂತ ಅಂಗಾಂಶದ ಪಟ್ಟಿ: ನಿಮ್ಮದೇ ಹೊಟ್ಟೆಯ ಗೋಡೆಯಿಂದ ತೆಗೆದ ಪಟ್ಟಿಯನ್ನು ಮೂತ್ರನಾಳದ ಕೆಳಗೆ ಆಸರೆಯಾಗಿ ಇಡುತ್ತಾರೆ.
* ಹೊಲಿಗೆ: ಮೂತ್ರಕೋಶದ ಕುತ್ತಿಗೆಯ ಭಾಗವನ್ನು ಹೊಲಿಗೆ ಹಾಕಿ ಮೇಲೆತ್ತಿ ನಿಲ್ಲಿಸುತ್ತಾರೆ.
* ಕೃತಕ ಜಾಲರಿ ಪಟ್ಟಿ: ಗಾಯ ಚಿಕ್ಕದು, ಚೇತರಿಕೆ ಬೇಗ. ಆದರೆ ಕೆಲವರಲ್ಲಿ ಜಾಲರಿ ಒಳಗೇ ಕೊರೆದು ತೀವ್ರ ನೋವು ಕೊಡುತ್ತದೆ. ಅದನ್ನು ಪೂರ್ತಿ ಹೊರತೆಗೆಯುವುದು ಕಷ್ಟ. ಈ ದೂರುಗಳಿಂದಾಗಿ 2018ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಇದರ ಬಳಕೆಗೆ ತಡೆ ಬಿತ್ತು.
* ಇಂಜೆಕ್ಷನ್: ಮೂತ್ರನಾಳದ ಗೋಡೆ ದಪ್ಪಗಾಗುವಂತೆ ಮದ್ದು ಚುಚ್ಚುತ್ತಾರೆ. ಸರಳವಾದರೂ ಪರಿಣಾಮ ಕ್ರಮೇಣ ಕುಗ್ಗಬಹುದು, ಮತ್ತೆ ಚುಚ್ಚಬೇಕಾಗಬಹುದು.

ಯಾವುದೇ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಸರಾಗವಾಗಿ ಹೋಗದಿರುವ ಅಥವಾ ಪದೇ ಪದೇ ಅವಸರವಾಗುವ ಸಾಧ್ಯತೆಯಿದೆ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ: ನನಗೆ ಇದೇ ಏಕೆ? ಜಾಲರಿ ಬಳಸುತ್ತೀರಾ? ತೊಂದರೆಯಾದರೆ ಏನು ಮಾಡುತ್ತೀರಿ? ಇನ್ನೂ ಮಕ್ಕಳು ಬೇಕೆಂದಿದ್ದರೆ ಅದನ್ನೂ ತಿಳಿಸಿ. ಸಾಮಾನ್ಯವಾಗಿ ಹೆರಿಗೆಗಳೆಲ್ಲ ಮುಗಿದ ಮೇಲೆಯೇ ಶಸ್ತ್ರಚಿಕಿತ್ಸೆ ಮಾಡುವುದು ಲೇಸು. ತಡೆಯಲಾರದ ಅವಸರವಾಗಿ ಶೌಚಾಲಯ ತಲುಪುವ ಮುನ್ನವೇ ಮೂತ್ರ ಹೋಗುವುದು ಬೇರೆಯೇ ತೊಂದರೆ. ಅದಕ್ಕೆ ಚಿಕಿತ್ಸೆಯೂ ಬೇರೆ.

ಚಿಕಿತ್ಸೆ ಪಡೆಯಿರೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ವುಝೂ, ನಮಾಝ್‌ನ ವಿಷಯದಲ್ಲಿ ಸಂಶಯವಿದ್ದರೆ ವಿದ್ವಾಂಸರಲ್ಲಿ ಕೇಳಿ. ರೋಗಿಗೆ ಶರೀಅತ್ ರಿಯಾಯಿತಿ ನೀಡಿದೆ. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಈ ಪುಟವನ್ನೇ ನಿಮ್ಮ ವೈದ್ಯೆಗೆ ತೋರಿಸಿ.